ಮಾವನ ಎಲೆಗೆ ಕುಳಿತ ಸಾಹೇಬ

ಬಾಗಿಲು ಹಾಕಿದ್ದು ನಾನು, ಆದ್ದರಿಂದ ತಪ್ಪು ನನ್ನದು ಎಂದು ನನ್ನ ಹೆಂಡತಿಯ ತವರಿನವರು ಇವತ್ತಿಗೂ ಹೇಳುತ್ತಾರೆ. ಮದುವೆ ಮನೆಯಲ್ಲಿ ಸಿಕ್ಕರೂ ಅದೇ ಮಾತು, ಸಾವಿನ ಮನೆಯಲ್ಲಿ ಸಿಕ್ಕರೂ ಅದೇ ಮಾತು. ಬಾಗಿಲು ಹಾಕುವ ಮೊದಲು ಒಳಗೆ ಯಾರಿದ್ದಾರೆ ಎಂದು ನೋಡುವುದು ಮನೆಯ ಯಜಮಾನನ ಕೆಲಸವಲ್ಲವೇ? ಯಜಮಾನ ನಾನಲ್ಲ, ನನ್ನ ಹೆಂಡತಿಯ ಅಣ್ಣ ದೂಮಪ್ಪ ಭಾವ. ಅವರ ಕಥೆಯನ್ನು ಇದ್ದ ಹಾಗೆ ಬರೆಯುತ್ತೇನೆ. ತಪ್ಪು ಯಾರದ್ದೆಂದು ಓದಿದವರೇ ಹೇಳಲಿ.

ಭಾವ ಮಸ್ಕತ್ತಿಗೆ ಬಂದದ್ದು ೧೯೭೯ರಲ್ಲಿ. ಎಣ್ಣೆಬಾವಿ ಕೊರೆಯುವ ಅಮೆರಿಕದ ಒಂದು ಕಂಪನಿಯಲ್ಲಿ ಅಡುಗೆಯವರು. ಮೊದಲು ಮರುಭೂಮಿಯ ಕ್ಯಾಂಪು, ಆಮೇಲೆ ದೊಡ್ಡ ಸಾಹೇಬನ ಬಂಗಲೆ. ಮುಲ್ಕಿಯ ಹೋಟೆಲಿನಲ್ಲಿ ಬನ್ಸ್ ಕರಿಯುತ್ತಿದ್ದ ಮನುಷ್ಯ ಇಲ್ಲಿ ಟರ್ಕಿ ಕೋಳಿ ಸುಡಲು ಕಲಿತರು. ನವೆಂಬರಿನ ನಾಲ್ಕನೆಯ ಗುರುವಾರ ಅಮೆರಿಕದವರಿಗೆ ಥ್ಯಾಂಕ್ಸ್‌ಗಿವಿಂಗ್. ಮನೆಮಂದಿ ಒಟ್ಟು ಸೇರಿ, ದೇವರಿಗೆ ಥ್ಯಾಂಕ್ಸ್ ಹೇಳಿ ಉಣ್ಣುವ ಹಬ್ಬ. ಸಾಹೇಬನ ಬಂಗಲೆಗೆ ನಲವತ್ತು ಜನ ಬರುತ್ತಿದ್ದರು. ಭಾವ ಹತ್ತು ಕಿಲೋದ ಹಕ್ಕಿಯ ಹೊಟ್ಟೆಗೆ ಬ್ರೆಡ್ಡು ತುಂಬಿಸಿ, ಮೈಗೆ ಬೆಣ್ಣೆ ಸವರಿ, ಹೆರಿಗೆ ಕೋಣೆಯ ಹೊರಗೆ ಕಾದು ಕುಳಿತ ಗಂಡನ ಹಾಗೆ ಓವನ್ನಿನ ಮುಂದೆ ನಾಲ್ಕು ಗಂಟೆ ಕೂರುತ್ತಿದ್ದರು.

"ಖಾರ ಇಲ್ಲ, ಹುಳಿ ಇಲ್ಲ. ಇದನ್ನು ತಿಂದು ಇವರು ಥ್ಯಾಂಕ್ಸ್ ಹೇಳುದು ಎಂತಕ್ಕೆ ಮಾರಾಯ?" ಎಂದು ನನ್ನನ್ನು ಕೇಳುತ್ತಿದ್ದರು.

"ತಿಂದು ಮುಗಿಯಿತಲ್ಲ, ಅದಕ್ಕೆ ಇರಬೇಕು ಭಾವ."

೧೯೮೭ರಲ್ಲಿ ಆ ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ಟೆಲಿಗ್ರಾಂ ಬಂತು. ಊರಲ್ಲಿ ಭಾವನ ಅಪ್ಪ, ಅಂದರೆ ನನ್ನ ಮಾವ, ತೀರಿಕೊಂಡಿದ್ದರು. ಸಾಹೇಬ ಕೆಟ್ಟವನಲ್ಲ. ಭಾವನ ಹೆಗಲ ಮೇಲೆ ಕೈಯಿಟ್ಟು, ಗುರುವಾರವೊಂದು ಕಳೆಯಲಿ, ಶುಕ್ರವಾರದ ವಿಮಾನಕ್ಕೆ ನಾನೇ ಕಳಿಸುತ್ತೇನೆ ಎಂದ. ಪಾಸ್‌ಪೋರ್ಟು ಕಂಪನಿಯ ಆಫೀಸಿನ ಕಪಾಟಿನಲ್ಲಿತ್ತು, ಅವರು ಕೊಡದೆ ಹೊರಡುವ ಹಾಗಿಲ್ಲ. ಭಾವ ಕಣ್ಣೀರು ಒರೆಸಿಕೊಳ್ಳುತ್ತ ನಲವತ್ತು ಜನಕ್ಕೆ ಟರ್ಕಿ ಸುಟ್ಟರು. ಬೊಂಬಾಯಿಯಲ್ಲಿ ಇಳಿದು ಬಸ್ಸು ಹಿಡಿದು ಊರು ಮುಟ್ಟುವಾಗ ಹದಿಮೂರನೆಯ ದಿನದ ಉತ್ತರಕ್ರಿಯೆ, ನಮ್ಮ ಬೊಜ್ಜ, ಮುಗಿದು ಚಪ್ಪರವನ್ನೂ ಬಿಚ್ಚಿಯಾಗಿತ್ತು.

ನಮ್ಮಲ್ಲಿ ಸತ್ತವರಿಗೆ ಹಿರಿಯ ಮಗ ಎಲೆ ಹಾಕಿ ಬಡಿಸಬೇಕು. ಭಾವನ ಬದಲಿಗೆ ತಮ್ಮ ಬಡಿಸಿದ್ದ. ನಮ್ಮ ಜಾತಿಯ ಹಿರಿಯ, ಗುರಿಕಾರರು, ಭಾವನನ್ನು ಕರೆದು ಹೇಳಿದರು: "ಈಗ ಇನ್ನೊಮ್ಮೆ ಬಡಿಸುವ ಕ್ರಮ ಇಲ್ಲ ದೂಮ. ವರ್ಷ ತುಂಬುವಾಗ ನೀನಿರುವಲ್ಲೇ ಬಡಿಸು. ನಿನ್ನ ಕೈಯ ಅನ್ನ ಸಿಗದೆ ಅಪ್ಪ ಒಳಗೆ ಹಿರಿಯರ ಸಾಲಿಗೆ ಬರುದಿಲ್ಲ, ಅಂಗಳದಲ್ಲೇ ನಿಂತಿರ್ತಾರೆ."

ಭಾವನಿಗೆ ಅದು ಎದೆಗೆ ನಾಟಿತು. ಆ ವರ್ಷವಿಡೀ ಮಸ್ಕತ್ತಿನ ಅಲ್ ಗುಬ್ರಾದಲ್ಲಿ ನಾವೆಲ್ಲ ಒಟ್ಟಿಗಿದ್ದ ಫ್ಲ್ಯಾಟಿನಲ್ಲಿ ಅನ್ನ ಕಲಸುವಾಗಲೆಲ್ಲ ಅವರ ಕಣ್ಣು ಬಾಗಿಲ ಕಡೆಗೇ. ಎ.ಸಿ. ಕೆಟ್ಟರೆ ಅಪ್ಪ. ಕಾರು ಸ್ಟಾರ್ಟ್ ಆಗದಿದ್ದರೆ ಅಪ್ಪ. ನಾನು ಗ್ಯಾರೇಜಿನವ, ಬ್ಯಾಟರಿ ಹೋಗಿದೆ ಎಂದರೆ ಕೇಳುತ್ತಿರಲಿಲ್ಲ.

ಮರುವರ್ಷ ಸಾಹೇಬನ ಹೆಂಡತಿ ರೋಸಲಿಂಡ್ ಮೇಡಂ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದಳು. ಪಾರ್ಟಿ ಇಲ್ಲ. ಬೊಜ್ಜ ತಪ್ಪಿಸಿದ್ದು ಆ ಹಬ್ಬದ ಗುರುವಾರ, ಆದ್ದರಿಂದ ಬಡಿಸುವುದೂ ಅದೇ ಗುರುವಾರ ಎಂದು ಭಾವನ ಹಠ. ಭಾವ ಬೆಳಿಗ್ಗೆ ಸಾಹೇಬನೊಬ್ಬನಿಗೆ ಸಣ್ಣದೊಂದು ಟರ್ಕಿ ಸುಟ್ಟಿಟ್ಟು ಮನೆಗೆ ಬಂದರು. ನಾನೂ ನನ್ನ ಹೆಂಡತಿ ಸ್ವರ್ಣಲತಾಳೂ ಮತ್ರಾದ ಮಾರ್ಕೆಟ್ಟಿನಿಂದ ಬಾಳೆಲೆ ತಂದೆವು. ಭಾವನ ಹೆಂಡತಿ ಲೋಲಾಕ್ಷಿಯಕ್ಕ ತೆಂಗಿನಕಾಯಿ ಅರೆದು ಕೋಳಿ ಸಾರು ಮಾಡಿದರು. ಊರಿನಿಂದ ಬಿಸ್ಕತ್ತು ಡಬ್ಬಿಯಲ್ಲಿ ಬಂದ ಗರಿಗರಿ ಒಣ ಅಕ್ಕಿ ರೊಟ್ಟಿ, ಮಾವನಿಗೆ ಇಷ್ಟದ ಬೀಡಿ, ಒಂದು ಗ್ಲಾಸು ಬ್ರಾಂಡಿ. ಎಲ್ಲ ಮುಂದಿನ ಕೋಣೆಯಲ್ಲಿ ಹಾಕಿದ ಎಲೆಗೆ ಬರಬೇಕು. ಬಡಿಸಿದ ಮೇಲೆ ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಹಾಕಿ ಸ್ವಲ್ಪ ಹೊತ್ತು ನಿಲ್ಲಬೇಕು. ಒಳಗೆ ಯಾರೂ ಇರಬಾರದು, ಹೊರಗೆ ಯಾರೂ ಮಾತಾಡಬಾರದು. ಸತ್ತವರು ಬಂದು ಉಂಡು ಹೋಗುವ ಸಮಯ ಅದು.

ಸಂಜೆ ಏಳಕ್ಕೆ ಬಡಿಸುವುದೆಂದು ನಿಶ್ಚಯ. ಆರೂಮುಕ್ಕಾಲಿಗೆ ಬಾಗಿಲ ಬೆಲ್ ಆಯಿತು. ಟೈ ಕಟ್ಟಿಕೊಂಡು ಸಾಹೇಬ ನಿಂತಿದ್ದ, ಕೈಯಲ್ಲಿ ಟ್ರೇ. ಬೆಳಿಗ್ಗೆ ಭಾವನೇ ಸುಟ್ಟ ಟರ್ಕಿಯನ್ನು ಭಾವನಿಗೇ ಉಡುಗೊರೆ ತಂದಿದ್ದ. ಹಬ್ಬದ ದಿನ ಒಬ್ಬನೇ ಕೂತು ತಿನ್ನಲು ಆಗಲಿಲ್ಲವಂತೆ.

"ಅಪ್ಪ ಬರುವ ಹೊತ್ತಿಗೆ ಇದೆಂತ ಗ್ರಹಚಾರ!" ಎಂದಳು ಸ್ವರ್ಣಲತಾ.

"ಮೆಲ್ಲ ಮಾತಾಡು, ಸಂಬಳ ಕೊಡುವ ಜನ" ಎಂದರು ಭಾವ. ತಂದದ್ದನ್ನು ಬದಿಗಿಡುವುದು ಮರ್ಯಾದೆಯಲ್ಲವೆಂದು ಟರ್ಕಿಯ ಒಂದು ಕಾಲು ಮುರಿದು, ಆಗಲೇ ಬಡಿಸಿದ್ದ ಎಲೆಯ ತುದಿಗೆ ಇಟ್ಟರು.

"ಮಾವ ಊರಿನ ಕೋಳಿ ಬಿಟ್ಟು ಬೇರೆ ಮುಟ್ಟಿದವರಲ್ಲ. ಇದನ್ನು ನೋಡಿದ್ರೆ ಹೆದರಿ ತಿರುಗಿ ಹೋದಾರು" ಎಂದರು ಲೋಲಾಕ್ಷಿಯಕ್ಕ.

ಅಷ್ಟರಲ್ಲಿ ಸಾಹೇಬ ಕೈ ತೊಳೆಯಬೇಕೆಂದ. ಬಚ್ಚಲು ತೋರಿಸಿದ್ದು ಭಾವ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಅದೇ ಭಾವ ಗಡಿಯಾರ ನೋಡಿ, "ಏಳಾಯ್ತು! ನಡೀರಿ ಹೊರಗೆ!" ಎಂದು ಬೊಬ್ಬೆ ಹೊಡೆದರು. ಆ ಗಡಿಬಿಡಿಯಲ್ಲಿ ನಾಲ್ಕೂ ಜನ ಮೆಟ್ಟಿಲಿಗೆ ಬಂದೆವು. ಕೊನೆಗೆ ಬಂದ ನಾನು ಬಾಗಿಲು ಎಳೆದೆ.

ಎದುರು ಫ್ಲ್ಯಾಟಿನ ತೆರೇಸಾ ಬಾಯಮ್ಮ, ಶಿರ್ವದ ನರ್ಸು, ಬಾಗಿಲು ತೆರೆದು ಇಣುಕಿ ನನ್ನನ್ನು ಕೇಳಿದರು. "ಎಂತ ಕೊಗ್ಗಣ್ಣ, ಎಲ್ಲ ಹೊರಗೆ? ಈಗ ಬಂದ ಆ ಬಿಳಿ ಸಾಹೇಬ್ರು..."

"ಬಾಯಮ್ಮ, ಸುಮ್ಮನಿರಿ! ಮಾತಾಡಬಾರದು!" ಎಂದು ನಾನು ಕೂಗಿದ್ದಕ್ಕೆ ಕೆಳಗಿನ ಮಾಳಿಗೆಯ ಮಮ್ಮದ್ ಬ್ಯಾರಿ ಜಗಳವೆಂದು ಮೇಲೆ ಓಡಿ ಬಂದ. ಅವನನ್ನೂ ಗದರಿಸಿ ಇಳಿಸಿದೆ. ತೆರೇಸಾ ಬಾಗಿಲು ಬಡಿದುಕೊಂಡು ಒಳಗೆ ಹೋದವರು ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಇಪ್ಪತ್ತು ನಿಮಿಷ ಕಳೆದು ಭಾವ ಬಾಗಿಲು ತಟ್ಟಿ ತೆರೆದರು.

ಎಲೆ ಖಾಲಿ. ರೊಟ್ಟಿ ಇಲ್ಲ, ಸಾರಿಲ್ಲ, ಕೋಳಿಯ ಎಲುಬುಗಳು ಸಾಲಾಗಿ ಬದಿಗೆ. ಬ್ರಾಂಡಿಯ ಗ್ಲಾಸು ಒಣಗಿತ್ತು. ಅರ್ಧ ಸೇದಿದ ಬೀಡಿಯ ಹೊಗೆ ಇನ್ನೂ ಕೋಣೆಯಲ್ಲಿ ಸುತ್ತುತ್ತಿತ್ತು. ಉಳಿದದ್ದು ಟರ್ಕಿಯ ಕಾಲು ಮಾತ್ರ.

"ಮಾವ ಬಂದಿದ್ರು!" ಎಂದು ಲೋಲಾಕ್ಷಿಯಕ್ಕ ಕಿರುಚಿದರು. ಭಾವ ಉದ್ದಕ್ಕೆ ಬಿದ್ದು, "ತಡ ಆಯ್ತು ಅಪ್ಪಾ, ತಡ ಆಯ್ತು" ಎಂದು ಅಳತೊಡಗಿದರು. ಸುಳ್ಳು ಯಾಕೆ, ನಾನೂ ಬಿದ್ದೆ.

ಆಗ ಅಡುಗೆಮನೆಯಲ್ಲಿ ನಳ್ಳಿಯ ಸದ್ದು ನಿಂತಿತು. ಸಾಹೇಬ ಕೈ ಒರೆಸುತ್ತ ಹೊರಗೆ ಬಂದ. ಅವನ ಕಣ್ಣೂ ಒದ್ದೆ. ಅತಿಥಿಯನ್ನು ಒಬ್ಬನೇ ಬಿಟ್ಟು ಮನೆಯವರೆಲ್ಲ ಹೊರಗೆ ಕಾಯುವ ಇಂಥ ಮರ್ಯಾದೆ ತನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ ಎಂದು ನೆಲದಲ್ಲಿದ್ದ ಭಾವನನ್ನು ಎಬ್ಬಿಸಿ ಅಪ್ಪಿಕೊಂಡ.

"ಥ್ಯಾಂಕ್ಯೂ ಸರ್" ಎಂದರು ಭಾವ. ಬೇರೆ ಎಂತ ಹೇಳುವುದು?

ಮರುದಿನ ಊರಿಗೆ ಫೋನು ಮಾಡಿದೆವು. ಜೀವ ಇರುವವ ಉಂಡದ್ದು ಸತ್ತವರಿಗೆ ಸಲ್ಲುವುದಿಲ್ಲ, ಮುಂದಿನ ವರ್ಷ ಪುನಃ ಬಡಿಸಿ ಎಂದರು ಗುರಿಕಾರರು. ಮುಂದಿನ ವರ್ಷ ಸಾಹೇಬ ತನ್ನ ಪಾರ್ಟಿಯನ್ನು ಶುಕ್ರವಾರಕ್ಕೆ ಹಾಕಿ ಗುರುವಾರ ನಮ್ಮಲ್ಲಿಗೇ ಬಂದ. ಉಪಾಯಕ್ಕೆಂದು ಎರಡು ಎಲೆ ಹಾಕಿದೆವು, ಅವನಿಗೊಂದು, ಮಾವನಿಗೊಂದು. ನಮ್ಮ ಮನಸ್ಸು ನೋಯಬಾರದೆಂದು ಅವನು ಎರಡನ್ನೂ ಉಂಡ. ಅದರ ಮರುವರ್ಷ ಮೇಡಂ ಜೊತೆಗೆ ಬಂದಳು. ಎಲೆ ಎರಡು, ಜನ ಎರಡು.

"ಇದು ಸತ್ತವರ ಊಟ ಅಂತ ನಾನು ಹೇಳ್ತೇನೆ" ಎಂದು ನಾನು ಎದ್ದೆ.

"ನೀನು ಹೇಳಿದ್ರೆ ನನ್ನ ವೀಸಾ ಖಲಾಸ್. ಕೂತ್ಕೊ" ಎಂದರು ಭಾವ.

ಹೀಗೆ ಏಳು ವರ್ಷ. ೧೯೯೫ರ ಬೇಸಿಗೆಯಲ್ಲಿ ಸಾಹೇಬ ನಿವೃತ್ತನಾಗಿ ಹೋದ. ಆ ನವೆಂಬರಿನಲ್ಲಿ ಬಡಿಸಿ, ಹೊರಗೆ ನಿಂತು, ಬಾಗಿಲು ತೆರೆದೆವು. ಎಲೆ ಬಡಿಸಿದ ಹಾಗೇ ಇತ್ತು. ಸಾರಿನ ಮೇಲೆ ಎಣ್ಣೆ ಕಟ್ಟಿತ್ತು.

"ಉಣ್ಣಲಿಲ್ಲ" ಎಂದರು ಭಾವ.

"ಇದೇ ಸರಿ ಭಾವ! ಸತ್ತವರು ಉಂಡರೆ ಎಲೆ ಖಾಲಿ ಆಗ್ತದಾ?"

"ಖಾಲಿ ಆದದ್ದನ್ನು ಏಳು ಸಲ ನೋಡಿದ್ದೇನೆ ಮಾರಾಯ. ಇನ್ನು ತುಂಬಿದ ಎಲೆ ನೋಡಿ ಉಂಡರು ಅಂತ ಹೇಗೆ ನಂಬುದು?"

ನಾನು ರೇಗಿದೆ, ತುಂಬ ಹೊತ್ತು ಬೊಬ್ಬೆ ಹೊಡೆದೆ. ಕೇಳೋಣವೆಂದರೆ ಗುರಿಕಾರರೂ ತೀರಿಹೋಗಿದ್ದರು. ಕಳೆದ ವರ್ಷ ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಭಾವ ಅಲ್ಲಿಯೂ ಬಡಿಸಿದರಂತೆ. ನನಗೆ ಫೋನು ಮಾಡಿದರು.

"ಬಂದ್ರಾ ಭಾವ?" ಎಂದು ಕೇಳಿದೆ.

"ಎಲೆ ಹಾಗೇ ಉಂಟು ಕೊಗ್ಗ. ಅಪ್ಪನ ಋಣ ತೀರಲಿಲ್ಲ."