ಓಣಿ ದಾಟಿದ ಬಿಸಿ ಸಾರು

ಬೆಂಗಳೂರು ಬಾಗಿಲು ಹಾಕಿಕೊಂಡ ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುತ್ತಿದ್ದದ್ದು ಒಂದು ಕೂಸಿನ ಅಳು. ಎದುರಿನ ಕಟ್ಟಡದ ಎರಡನೇ ಮಹಡಿಯ ಮನೆ ಅದು. ನಮ್ಮದು ಈಚೆಯ ನಾಲ್ಕನೇ ಮಹಡಿ. ಓಣಿ ಎಷ್ಟು ಕಿರಿದೆಂದರೆ, ಅವರ ಬಾಲ್ಕನಿಯ ಬಟ್ಟೆ ಕ್ಲಿಪ್ಪುಗಳ ಬಣ್ಣ ನನಗೆ ಬಾಯಿಪಾಠವಾಗಿತ್ತು.

ಕೂಸಿನ ತಾಯಿ ಹೊಸನಗರದ ಕಡೆಯ ಹುಡುಗಿ. ನಾನೂ ಅದೇ ಸೀಮೆಯ ಮೇಳಿಗೆಯವಳು, ಸಾಗರದ ಕಾನ್ವೆಂಟಿನಲ್ಲಿ ಓದಿದವಳು. ಮೊದಲ ಸಲ ಬಟ್ಟೆ ಹರವುತ್ತಾ ಅವಳು "ಎಂತ ಬಿಸ್ಲು ಅಲ್ದಾ ಅಕ್ಕಾ" ಅಂದಾಗಲೇ ನನಗೆ ಊರು ತಿಳಿದುಹೋಗಿತ್ತು. ಅಂದೇ ಫೋನ್ ನಂಬರು ಕೊಟ್ಟುಕೊಂಡಿದ್ದೆವು.

ಹೆರಿಗೆಯಾಗಿ ಮನೆಗೆ ಬಂದ ಕೆಲವೇ ದಿನಕ್ಕೆ ಗಂಡ ಹೆಂಡತಿ ಇಬ್ಬರಿಗೂ ಕೊರೊನಾ ಬಂತು. ಕಟ್ಟಡದ ಗೇಟಿಗೆ ತಗಡು ಬಡಿದರು. ಬಾಣಂತನಕ್ಕೆ ಬರಬೇಕಿದ್ದ ಅವಳಮ್ಮ ಪಾಸು ಸಿಗದೆ ಹೊಸನಗರದಲ್ಲೇ ಉಳಿದರು. ಗಂಡ ಹಾಸಿಗೆ ಬಿಟ್ಟು ಏಳಲಾರ. ಇವಳಿಗೂ ಜ್ವರ, ಒಲೆ ಮುಂದೆ ನಿಲ್ಲುವಷ್ಟು ತ್ರಾಣವಿಲ್ಲ. ಮಾಸ್ಕ್ ಹಾಕಿಕೊಂಡು ಕೂಸಿಗೆ ಹಾಲು ಕೊಡಬಹುದು, ಆದರೆ ಹೊಟ್ಟೆ ತುಂಬ ಉಣ್ಣಬೇಕು ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು.

ಊಟಕ್ಕೇನೂ ಬರವಿರಲಿಲ್ಲ. ಓಣಿಯವರೆಲ್ಲ ಡಬ್ಬಿಗಳನ್ನು ತಂದು ಗೇಟಿನೆದುರಿನ ಮೇಜಿನ ಮೇಲಿಡುತ್ತಿದ್ದರು. ಅದನ್ನು ಮೇಲಕ್ಕೆ ಒಯ್ಯಲು ಅನುಮತಿ ಇದ್ದದ್ದು ಒಬ್ಬ ಸ್ವಯಂಸೇವಕರಿಗೆ ಮಾತ್ರ. ಅವರ ಪಾಲಿಗೆ ಇನ್ನೂ ಹತ್ತಾರು ಬೀದಿಗಳಿದ್ದವು. ಅವರು ಬರುವಷ್ಟರಲ್ಲಿ ಅನ್ನ ಆರಿ ಗಟ್ಟಿಯಾಗಿರುತ್ತಿತ್ತು. ಅವಳು ಅದನ್ನು ಮುಟ್ಟುತ್ತಿರಲಿಲ್ಲ.

ನಮ್ಮ ಕಡೆ ಬಾಣಂತಿಗೆ ತಣ್ಣಗಾದದ್ದನ್ನು ಬಡಿಸುವುದಿಲ್ಲ. ಒಲೆಯಿಂದ ಇಳಿದದ್ದು ನೇರ ತಟ್ಟೆಗೆ ಬರಬೇಕು. ಬಿಸಿ ಮಾಡಿಕೊಂಡು ತಿನ್ನು ಅಂದರೆ, "ಮತ್ತೆ ಬಿಸಿ ಮಾಡಿದ್ರೂ ಅದು ತಂಗ್ಳೇ ಅಲ್ವಾ ಅಕ್ಕಾ, ಅಮ್ಮ ಬೈತಾರೆ" ಅಂದಳು. ಹೀಗೆ ಅಮ್ಮನ ಮಾತು ಮೀರದೆ ಬ್ರೆಡ್ಡು ತಿಂದುಕೊಂಡಿದ್ದಳು. ಬ್ರೆಡ್ಡಿಗೆ ಈ ನಿಯಮ ಯಾಕಿಲ್ಲವೆಂದು ತಾಯಿ ಮಗಳು ಇಬ್ಬರಿಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಅವಳೇ ಫೋನು ಮಾಡಿದಳು. ದನಿ ಕುಗ್ಗಿತ್ತು. "ಅಕ್ಕಾ, ಹಾಲು ಕಮ್ಮಿ ಆಗ್ತಾ ಇದೆ. ಕೂಸು ಬರೀ ಚೀಪ್ತದೆ, ಆಮೇಲೆ ಅಳ್ತದೆ."

ಅವಳನ್ನು ತಿದ್ದುವುದಕ್ಕಿಂತ ಅವಳಿಗೆ ಬಿಸಿ ಅನ್ನ ಮುಟ್ಟಿಸುವುದು ಸುಲಭ ಅನ್ನಿಸಿತು. ಕಾಯಿಲೆಯ ಹೆದರಿಕೆ ನನಗೆ ಹೊಸದಾಗಿರಲಿಲ್ಲ. ಊರಿನಲ್ಲಿ ಮಂಗನ ಕಾಯಿಲೆ ಬಂದ ವರ್ಷ ಕಾಡಿನ ದಾರಿ ಬಂದಾಗುತ್ತಿತ್ತೇ ಹೊರತು, ಮಲಗಿದವರ ಮನೆಗೆ ಗಂಜಿ ಹೋಗುವುದು ನಿಲ್ಲುತ್ತಿರಲಿಲ್ಲ. ಇಲ್ಲಿ ಕಾಲುದಾರಿ ಇಲ್ಲ, ಅಷ್ಟೇ. ಮೇಲಿಂದ ಕೆಳಕ್ಕೆ ಇಳಿಜಾರಂತೂ ಇದೆ. ಅಡಿಕೆ ಕೊಯ್ಯುವವರು ಮರದ ತುದಿಯಿಂದ ಗೊನೆಯನ್ನು ಬಿಸಾಡುವುದಿಲ್ಲ. ಹಗ್ಗಕ್ಕೆ ಸಿಕ್ಕಿಸಿ ಜಾರಿಬಿಡುತ್ತಾರೆ, ಒಂದು ಕಾಯಿಯೂ ಉದುರದೆ ನೆಲಕ್ಕೆ ಬರುತ್ತದೆ. ಸಾರಿನ ಡಬ್ಬಿಗೂ ಅದೇ ಸಾಕಲ್ಲ.

ನೈಲಾನ್ ಹಗ್ಗವನ್ನು ಕಿಟಕಿಯಿಂದ ಓಣಿಗೆ ಇಳಿಬಿಟ್ಟೆ. ಅವಳು ಬಾಲ್ಕನಿಯಿಂದ ಒಂದು ಹಳೆ ಸೀರೆ ಬಿಟ್ಟಳು. ನಮ್ಮ ವಾಚ್‌ಮನ್ ಹಗ್ಗದ ತುದಿಯನ್ನು ಸೀರೆಗೆ ಕಟ್ಟಿದರು, ಅವಳು ಮೇಲಕ್ಕೆಳೆದು ಕಂಬಿಗೆ ಬಿಗಿದಳು. ನಾನೂ ನಮ್ಮ ಗ್ರಿಲ್ಲಿಗೆ ಬಿಗಿದೆ. ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಹಾಕಿದ ಸಾರನ್ನು ಸ್ಟೀಲು ಡಬ್ಬಿಗೆ ಹೊಯ್ದು, ಕೊಕ್ಕೆಗೆ ಸಿಕ್ಕಿಸಿ ಬಿಟ್ಟೆ. ಅದು ಹೋದ ವೇಗಕ್ಕೆ ನನ್ನ ಕಣ್ಣು ಸಾಲದಾಯಿತು. ಕಂಬಿಗೆ ಬಡಿದು, ಮುಚ್ಚಳ ಹಾರಿ, ಸಾರೆಲ್ಲ ಕೆಳಗೆ ನಿಂತಿದ್ದ ಬಿಳಿ ಕಾರಿನ ಮೇಲೆ.

ಹಿಂದೆ ನಿಂತಿದ್ದ ನಮ್ಮನೆಯವರು ಮೆಲ್ಲಗೆ, "ಕಾರಿಗೆ ಬಾಣಂತನ ಆಯ್ತು" ಅಂದರು.

ಪುಣ್ಯಕ್ಕೆ ಅವಳು ದೂರ ಸರಿದು ನಿಂತಿದ್ದಳು. ತಪ್ಪು ಎಲ್ಲಾಯಿತೆಂದು ಹಗ್ಗ ನೋಡುತ್ತಾ ನಿಂತಾಗ ಗೊತ್ತಾಯಿತು. ತೋಟದಲ್ಲಿ ಹಗ್ಗದ ಒಂದು ತುದಿ ಯಾವಾಗಲೂ ಮನುಷ್ಯನ ಕೈಯಲ್ಲಿರುತ್ತದೆ. ಗೊನೆ ಹತ್ತಿರ ಬಂದಂತೆ ಅವನು ಸಡಿಲ ಬಿಡುತ್ತಾನೆ, ವೇಗ ತಾನೇ ಸಾಯುತ್ತದೆ. ನಾನು ಎರಡು ತುದಿಯನ್ನೂ ಕಟ್ಟಿಹಾಕಿದ್ದೆ.

ನಮ್ಮ ತುದಿ ಬಿಚ್ಚಿ, ಗ್ರಿಲ್ಲಿಗೆ ಒಂದು ಸುತ್ತು ಹಾಕಿ ಇವರ ಕೈಗೆ ಕೊಟ್ಟೆ. ಮನೆಯಲ್ಲಿದ್ದ ಬೇರೆ ಡಬ್ಬಿಗಳಿಗೆ ನೀರು ತುಂಬಿ, ಒಂದೊಂದಾಗಿ ಬಿಟ್ಟು ಕೆಲವು ಸಲ ಅಭ್ಯಾಸ ಮಾಡಿದೆವು. ನಾನು "ಈಗ" ಅಂದಾಗ ಇವರು ಸಡಿಲ ಬಿಡಬೇಕು. ಮಧ್ಯಾಹ್ನ ಎರಡನೇ ಸಾರು ಹೊರಟಿತು. ಬಾಲ್ಕನಿ ಸಮೀಪ ಹಗ್ಗ ಜೋತು, ಡಬ್ಬಿ ತೂಗಾಡುತ್ತಾ ಅವಳ ಕೈಗೆ ಹೋಯಿತು. ಮುಚ್ಚಳ ತೆಗೆದಾಗ ಎದ್ದ ಹಬೆ ನನಗೆ ಇಲ್ಲಿಂದಲೇ ಕಂಡಿತು. ಅವಳು ಅಲ್ಲೇ ಕೂತು ಉಂಡಳು. ಅನ್ನ ಹಿಂದೆಯೇ ಹೋಯಿತು, ತುಪ್ಪ ಹಾಕಿ.

ಮರುದಿನದಿಂದ ಓಣಿಯವರು ಡಬ್ಬಿಗಳನ್ನು ಗೇಟಿಗೆ ಬದಲು ನಮ್ಮ ಬಾಗಿಲಿಗೆ ತರತೊಡಗಿದರು. ಕೆಳಮನೆಯ ಬಿಹಾರದ ಅಜ್ಜಿ ಅಂಟಿನ ಉಂಡೆ ಮಾಡಿಕೊಟ್ಟರು. ಗುರುತಿಲ್ಲದವರ ಉಂಡೆ ತಿನ್ನಬಹುದೇ ಎಂದು ಹುಡುಗಿ ಹೊಸನಗರಕ್ಕೆ ಫೋನು ಹಚ್ಚಿದಳು. ಅವಳಮ್ಮ ನನ್ನನ್ನೂ ಫೋನಿಗೆ ಸೇರಿಸಿಕೊಂಡು ಕೇಳಿದರು: "ಅವ್ರ ಕಡೆಲೂ ಬಾಣಂತಿಗೆ ಅಂಟು ಕೊಡ್ತಾರಂತಾ? ಹಂಗಾದ್ರೆ ನಮ್ಮೋರೇ. ತಿನ್ನು ಮಾರಾಯ್ತಿ." ಬಿಳಿ ಕಾರಿನವರು ಕಾರನ್ನು ಆಚೆ ಬೀದಿಗೆ ಒಯ್ದು ನಿಲ್ಲಿಸಿ ಬಂದು, ಒಂದು ಗೊನೆ ಬಾಳೆಹಣ್ಣು ಇಟ್ಟು ಹೋದರು.

ನಗರವೆಂದರೆ ಯಾರಿಗೆ ಯಾರೂ ಇಲ್ಲ ಅನ್ನುವವರಿಗೆ ನಾನು ಎದುರು ಮಾತಾಡುವುದಿಲ್ಲ. ಆದರೆ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಆಗ ಎಷ್ಟು ಮನೆಗಳ ಡಬ್ಬಿಗಳು ಸಾಲಾಗಿ ನಿಂತಿದ್ದವೆಂದು ನನಗೆ ಗೊತ್ತು.

ವಾರ ಕಳೆಯುವುದರೊಳಗೆ ಅವಳ ಜ್ವರ ಇಳಿಯಿತು. ಒಂದು ಬೆಳಿಗ್ಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಲ್ಕನಿಗೆ ಬಂದು, ಫೋನಿನಲ್ಲಿ ಸಂಕೋಚದಿಂದ ಹೇಳಿದಳು: "ಅಕ್ಕಾ, ಇವತ್ತಿಂದ ಸಾರು ಸ್ವಲ್ಪ ಕಮ್ಮಿ ಕಳ್ಸಿ. ಕೂಸು ಕುಡ್ದೂ ಹಾಲು ಮಿಕ್ತಾ ಇದೆ, ರವಿಕೆಯೆಲ್ಲ ಒದ್ದೆ."

ಆಗಲಿ ಅಂದೆ. ಕಮ್ಮಿ ಮಾಡಲಿಲ್ಲ. ಅವಳ ಗಂಡನೂ ಎದ್ದು ಕೂತಿದ್ದ. ಅವನ ಪಾಲಿನ ಅಕ್ಕಿಯನ್ನೂ ಸೇರಿಸಿ ತೊಳೆದೆ.