ಆಕಳ ಮುಂದೆ ಆಡಿದ ಮಾತು

ಬೆಳಿಗ್ಗೆ ಕರು ಹಾಕಿದ ನಮ್ಮ ಆಕಳು ಗೌರಿ ಸಂಜೆಯಾದರೂ ಎದ್ದು ನಿಲ್ಲಲಿಲ್ಲ. ಗಜೇಂದ್ರಗಡದಿಂದ ಹೊರಟ ಪಶುವೈದ್ಯರು ನಮ್ಮೂರು ಲಕ್ಕಲಕಟ್ಟಿಗೆ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಚಿಗವ್ವ, ಅಪ್ಪನ ತಮ್ಮನ ಹೆಂಡತಿ, ನಮ್ಮ ಕೊಟ್ಟಿಗೆಗೆ ಬಂದಳು. ಮನೆ ಪಾಲಾದಾಗಿನಿಂದ ಅವಳೂ ಅವ್ವನೂ ಮಾತು ಬಿಟ್ಟಿದ್ದರು.

ಆಕಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಿಗವ್ವ ಅದಕ್ಕೇ ಹೇಳಿದಳು: “ಗೌರಿ, ನಿಮ್ಮ ಯಜಮಾನತಿಗೆ ಹೇಳವಾ, ನೆಲ ಥಂಡಿ ಐತಿ, ಗೋಣಿಚೀಲ ತರಲಿ. ನಾ ಆಕಿ ಮನಿಗೆ ಬಂದಿಲ್ಲ, ನಿನ್ನ ನೋಡಾಕ ಬಂದೀನಿ.”

ಅವ್ವನೂ ಆಕಳಿಗೇ ಉತ್ತರಿಸಿದಳು: “ತರತೀನಂತ ಹೇಳು. ಕರೀಲಾರದ ಬಂದಾಕಿದು ಹುಕುಂ ಭಾಳ ಆತು.”

ಚೀಲ ಬಂತು, ಬಿಸಿನೀರು ಬಂತು, ಬೆಲ್ಲದ ಗಂಜಿಯೂ ಬಂತು. ಎಲ್ಲವನ್ನೂ ಅವರು ಗೌರಿಗೆ ಹೇಳಿಯೇ ತರಿಸಿಕೊಂಡರು. ವೈದ್ಯರು ಬರುವ ಮೊದಲೇ ಅದರ ಉಸಿರು ನಿಂತಿತು.

ಹಸಿದ ಕರು ಒದರಿದಾಗ ಅವ್ವ ಮೊದಲ ಸಲ ಚಿಗವ್ವನ ಮುಖ ನೋಡಿ ಕೇಳಿದಳು: “ಇದಕ್ಕ ಇನ್ನ ಹಾಲು ಯಾರು ಕುಡಸ್ಬೇಕ?”

“ನಮ್ಮ ಎಮ್ಮಿ ಹಿಂಡತೈತಲ್ಲ, ಅಕ್ಕ,” ಅಂದಳು ಚಿಗವ್ವ.

ಆಕಳು ಬದುಕಿದ್ದಾಗಲೇ ಅವರು ನೇರವಾಗಿ ಮಾತಾಡಿದ್ದರೆಂದು, ಅಂದು ಅಲ್ಲೇ ಇದ್ದ ನನ್ನ ತಂಗಿ ವಾದಿಸುತ್ತಾಳೆ. ವಿಶ್ವವಿದ್ಯಾಲಯದಲ್ಲಿ ಎಲ್ಲಕ್ಕೂ ಸಾಕ್ಷಿ ಕೇಳಲು ಕಲಿತ ನಾನು ನನ್ನ ನೆನಪನ್ನೂ ಪೂರ್ತಿ ನಂಬಲಾರೆ. ಆದರೆ ‘ಅಕ್ಕ’ ಅಂದದ್ದು ಕೇಳಿ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದನ್ನು ಇಬ್ಬರೂ ಒಪ್ಪುತ್ತೇವೆ.