ಚಲುವಮ್ಮ ಹೊಲಿದ ಕುರ್ಚಿ

ಗುತ್ತಲಿನ ಭಜನೆ ಮನೆ ಜಗಲಿಯ ಮೇಲೆ ಭಾನುವಾರ ಬೆಳಿಗ್ಗೆ ಯಾವಾಗ ಹೋಗಿ ನೋಡಿದರೂ ಚಲುವಮ್ಮ ಕಾಲು ನೀಡಿಕೊಂಡು ಕೂತಿರುತ್ತಾಳೆ. ತೊಡೆಯ ಮೇಲೊಂದು ಹಳೇ ಗೋಣಿಚೀಲ, ಪಕ್ಕದಲ್ಲಿ ಪುಟ್ಟ ಇದ್ದಿಲೊಲೆ, ಅದರ ಕೆಂಡದೊಳಗೆ ಕೆಂಪಗೆ ಕಾಯುತ್ತಿರುವ ದಬ್ಬಳ. ವಿ.ಸಿ. ಫಾರಂನ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದ ಕಾಲದಲ್ಲಿ ಬಿರುಕು ಬಿಟ್ಟ ಬಕೆಟ್ಟು, ತೊಟ್ಟಿಗಳಿಗೆ ಹೀಗೇ ದಬ್ಬಳದಲ್ಲಿ ತೂತು ಹಾಕಿ, ತಂತಿಯಲ್ಲಿ ಹೊಲಿದು ಹೊಲಿದು ಅವಳ ಕೈ ಪಳಗಿತ್ತು. ಹೊಲಿದಾದ ಮೇಲೆ ಅದೇ ಬಣ್ಣದ ಪ್ಲಾಸ್ಟಿಕ್ ಚೂರು ಕರಗಿಸಿ ಮೇಲೆ ಬಳಿಯುತ್ತಾಳೆ. ಎಲ್ಲಿ ಒಡೆದಿತ್ತು ಎನ್ನುವುದು ಒಡೆದವನಿಗೂ ಗೊತ್ತಾಗಬಾರದು. ಅದು ಅವಳ ಹೆಮ್ಮೆ.

ಎದುರಿಗೆ ಪುಟ್ಟರಾಜು ಕೂರುತ್ತಾನೆ. ಕರೆಂಟು ಕಂಬ ಹತ್ತುವ ಕೆಲಸ ಮಾಡಿ ನಿವೃತ್ತಿಯಾದವನು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಯೆಲ್ಲ ಅವನ ಪಾಲು. ಬೀದಿಯವರು ಕೆಟ್ಟದ್ದನ್ನು ತರುತ್ತಾರೆ, ಇವರು ಸರಿ ಮಾಡಿ ಕೊಡುತ್ತಾರೆ. ಕಾಸಿನ ಮಾತಿಲ್ಲ. ಯಾರಾದರೂ ಕಾಫಿ ತಂದರೆ ಬೇಡ ಅನ್ನುವುದಿಲ್ಲ, ಅಷ್ಟೇ.

ಆ ಜಗಲಿಗೆ ಒಂದು ಕಟ್ಟಳೆ ಇತ್ತು. ಅದನ್ನು ಮಾಡಿದವಳೂ ಚಲುವಮ್ಮನೇ. ಶುರುವಿನಲ್ಲಿ ಒಂದು ಸಲ ಹಿಂದಿನ ಬೀದಿಯ ಮಾಯಮ್ಮ ತಳ ಸೀದು ಕರಕಲಾದ ಕುಕ್ಕರ್ ತಂದಿದ್ದಳು.

"ಏನ್ ಮಾಯಕ್ಕ, ಸೀರಿಯಲ್ ನೋಡ್ತಾ ಬೇಳೆ ಬದ್ಲು ಕುಕ್ಕರ್‌ನೇ ಬೇಯ್ಸ್‌ಬುಟ್ಯಾ?" ಎಂದ ಪುಟ್ಟರಾಜು. ಜಗಲಿಯೆಲ್ಲ ನಕ್ಕಿತು. ಮಾಯಮ್ಮ ಕುಕ್ಕರ್ ಎತ್ತಿಕೊಂಡು ಹೋದವಳು ಎಷ್ಟೋ ವಾರ ಅತ್ತ ತಲೆ ಹಾಕಲಿಲ್ಲ.

"ಇನ್ಮೇಲೆ ಎಂಗ್ ಕೆಡ್ತು ಅಂತ ಯಾರ್ನೂ ಕೇಳಂಗಿಲ್ಲ ಕಣ್ಲಾ," ಎಂದು ಚಲುವಮ್ಮ ಅವನಿಗೆ ಉಗಿದಿದ್ದಳು. "ತಂದ್ರಾ, ಇಸ್ಕೊ. ಮಾಡು. ಕೊಡು. ಬಾಯ್ಗೆ ಬೀಗ ಆಕ್ಕೊ."

ಅಂದಿನಿಂದ ಯಾರೂ ಕೇಳಲಿಲ್ಲ. ಹಾಗಾಗಿಯೇ ರೂಪ ಬಂದಾಗಲೂ ಕೇಳಲಿಲ್ಲ.

ರೂಪ ಅದೇ ಬೀದಿಯ ಹೇಮಂತನ ಹೆಂಡತಿ. ವೈದ್ಯನಾಥಪುರದಿಂದ ಬಂದ ಹುಡುಗಿ. ಹೇಮಂತ ಟ್ರಾಕ್ಟರ್ ಮಾರುವ ಅಂಗಡಿಯಲ್ಲಿದ್ದ, ಎದುರು ಸಿಕ್ಕವರಿಗೆಲ್ಲ ಅಣ್ಣ, ಅಕ್ಕ ಎಂದು ಕೈ ಮುಗಿಯುವವನು. ರೂಪ ಮೊದಲು ಹಿಡಿ ಮುರಿದ ಮಿಕ್ಸಿ ಜಾರು ತಂದಳು. ಆಮೇಲೆ ಜಾಲರಿ ಸೊಟ್ಟಗಾದ ಟೇಬಲ್ ಫ್ಯಾನು. ಆಮೇಲೆ ಬೆನ್ನು ಸೀಳಿದ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯನ್ನು ಒಂದೇ ಕೈಯಲ್ಲಿ ಎಳೆದುಕೊಂಡು ಬಂದಿದ್ದಳು, ಎಡಗೈ ಸೆರಗಿನೊಳಗಿತ್ತು. ಚಲುವಮ್ಮ ನೋಡಿದಳು. ಕಟ್ಟಳೆ ನೆನೆದು ದಬ್ಬಳವನ್ನು ಕೆಂಡಕ್ಕೆ ತುರುಕಿದಳು. ಆ ಕುರ್ಚಿಯನ್ನಂತೂ ಬಲು ಮುತುವರ್ಜಿಯಿಂದ ಹೊಲಿದಳು. ಹೊಸದೇ ಸರಿ, ಹಾಗೆ.

ಒಂದು ಮಧ್ಯಾಹ್ನ ಹೇಮಂತನ ಮನೆ ಮುಂದೆ ಜನ ಸೇರಿದ್ದರು. ರೂಪಳ ಅಪ್ಪ ಚಿಕ್ಕಬೋರಯ್ಯ ಇಬ್ಬರು ನೆಂಟರನ್ನು ಕರೆದುಕೊಂಡು ನ್ಯಾಯಕ್ಕೆ ಬಂದಿದ್ದರು. ಚಲುವಮ್ಮ, ಪುಟ್ಟರಾಜು ಎದುರು ಮನೆಯ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು.

"ಕೈಗ್ ಸಿಕ್ಕಿದ್ರಲ್ಲಿ ಒಡೀತಾರೆ ಕಣಪ್ಪ," ಎಂದಳು ರೂಪ, ತಲೆ ಎತ್ತದೆ. "ಮಿಕ್ಸಿ ಜಾರ್ ಎಸುದ್ರು. ಫ್ಯಾನ್ ಎತ್ತಾಕುದ್ರು. ಕುರ್ಚೀಲಿ ಒಡುದ್ರು, ಕುರ್ಚಿನೇ ಸೀಳೋಯ್ತು."

"ಯಾವ್ ಕುರ್ಚಿನಮ್ಮ? ನಿಮ್ಮಪ್ಪ ಕೂತವ್ರಲ್ಲ, ಅದಾ?" ಎಂದಳು ಅತ್ತೆ ಶಿವನಂಜಮ್ಮ. ಸರಸರನೆ ಒಳಗೆ ಹೋಗಿ ಫ್ಯಾನು ತಂದು ಬಾಗಿಲಲ್ಲಿಟ್ಟು ಸ್ವಿಚ್ಚು ಹಾಕಿದಳು. ಗಿರ್ರೆಂದು ತಿರುಗಿತು. ಮಿಕ್ಸಿ ಜಾರನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. "ನೋಡಿ ಬೀಗ್ರೆ, ಕಣ್ತುಂಬ ನೋಡಿ. ಸಾಮಾನ್ ಒಡ್ಯೋ ಮನೆ ಇಂಗಿರ್ತದಾ? ನಿಮ್ ಮಗ್ಳು ಬಾಯಿಗ್ ಬಂದಿದ್ ಯೋಳ್ತಾಳೆ, ನೀವೂ ಬಸ್ ಅತ್ಕಂಡ್ ಬಂದ್‌ಬುಡ್ತೀರ!"

ಚಿಕ್ಕಬೋರಯ್ಯ ಕೂತಲ್ಲೇ ಕುರ್ಚಿಯನ್ನು ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು. ಅವರ ಮುಖ ಸಣ್ಣದಾಯಿತು.

"ಸಂಸಾರ ಅಂದ್ಮೇಲೆ ಒಂದ್ ಮಾತ್ ಬತ್ತದೆ ಓಯ್ತದೆ ಮಗ. ಅದ್ಕೆ ಸುಳ್ ಯೋಳ್ಬಾರ್ದು."

ನೆಂಟರಲ್ಲೊಬ್ಬ ಟವಲ್ ಕೊಡವಿ ಎದ್ದು ನಿಂತ. ರೂಪ ಆಗ ತಲೆ ಎತ್ತಿ ನೋಡಿದ್ದು ಅಪ್ಪನನ್ನಲ್ಲ, ಎದುರು ಮೆಟ್ಟಿಲ ಮೇಲಿದ್ದ ಚಲುವಮ್ಮನನ್ನು. ಗೋಡೆಗೊರಗಿ ನಿಂತಿದ್ದ ಹೇಮಂತ ತಿರುಗುವ ಫ್ಯಾನು ನೋಡುತ್ತ ತುಟಿಯಲ್ಲೇ ನಗುತ್ತಿದ್ದ.

ಚಲುವಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಇವನು ವಾರವೆಲ್ಲ ಒಡೆದದ್ದನ್ನು ಭಾನುವಾರ ಕೂತು ಅಳಿಸಿ ಕೊಟ್ಟವರು ಯಾರು? ಕಲೆಯಿಲ್ಲದ ಹಾಗೆ, ಗೀರಿಲ್ಲದ ಹಾಗೆ ಬಳಿದು ಬಳಿದು ಕೊಟ್ಟವರು ಯಾರು? ಥೂ, ಈ ಕೈಗೆ ಬೆಂಕಿ ಬೀಳ!

ಎದ್ದಳು. ಪುಟ್ಟರಾಜು ಅವಳ ತೋಳು ಹಿಡಿದ.

"ಬುಡು ಚಲುವಕ್ಕ, ಅವ್ರ ಮನೆ ಇಚಾರ. ಕೇಳ್ಬಾರ್ದು ಅಂತ ಕಟ್ಳೆ ಮಾಡಿದ್ದೇ ನೀನು."

"ಮಾಡ್ದೋಳೇ ಮುರೀತೀನಿ. ಕೈ ಬುಡ್ಲಾ."

ಬೀದಿ ದಾಟಿ ನೇರ ಚಿಕ್ಕಬೋರಯ್ಯನ ಮುಂದೆ ನಿಂತಳು. "ಅಣ್ಣ, ಒಸಿ ಎದ್ ನಿಂತ್ಕೊ."

ಅವರು ಎದ್ದರು. ಚಲುವಮ್ಮ ಕುರ್ಚಿಯನ್ನು ತಿರುಗಿಸಿ ಹಾಕಿ, ಸೊಂಟದ ಬೀಗದ ಕೈ ಎಳೆದು ಅದರ ಬೆನ್ನನ್ನು ಕೆರೆಯತೊಡಗಿದಳು. ತಾನೇ ಬಳಿದಿದ್ದ ಪ್ಲಾಸ್ಟಿಕ್ಕು ಚಕ್ಕೆಚಕ್ಕೆಯಾಗಿ ಉದುರಿತು. ಅಡಿಯಿಂದ ತಂತಿಯ ಹೊಲಿಗೆ ಮೇಲ್ತುದಿಯಿಂದ ಕೂರುವ ಜಾಗದವರೆಗೆ ಸಾಲಾಗಿ ಎದ್ದು ಕಂಡಿತು.

"ಇದು ನನ್ ಹೊಲ್ಗೆ. ಇದ ತಂದ್ ದಿನ ನಿನ್ ಮಗ್ಳು ಎಡಗೈ ಸೆರಗಲ್ಲಿ ಮುಚ್ಕಂಡಿದ್ಲು. ನೋಡುದ್ರೂ ಕೇಳ್ನಿಲ್ಲ ನಾನು. ಲೋ ಪುಟ್ರಾಜು! ಆ ಫ್ಯಾನ್ ಎಂಗಿತ್ತು ಯೋಳ್ಲಾ!"

ಪುಟ್ಟರಾಜು ಮೆಟ್ಟಿಲ ಮೇಲೆ ಒಂದು ಗಳಿಗೆ ಮಿಸುಕಾಡಿದ. ಆಮೇಲೆ ಅವನೂ ಬೀದಿಗಿಳಿದ.

"ಗೋಡೆಗೆ ಅಪ್ಪಳ್ಸ್‌ದಂಗಿತ್ತು. ರೆಕ್ಕೆ ನಾನೇ ಬದ್ಲಾಯ್ಸ್‌ದೆ. ಜಾರಿನ್ ಹಿಡಿನೂ ನಾನೇ ಆಕಿದ್ದು."

"ಬಿಟ್ಟಿ ರಿಪೇರಿ ಮಾಡೋರ್ಗೆ ಊರ್ ಉಸಾಬರಿ ಯಾಕಂತೆ?" ಶಿವನಂಜಮ್ಮ ಕೈ ತಿರುವಿದಳು. "ಕುರ್ಚಿ ಅಂದ್ಮೇಲೆ ಮುರೀತದೆ. ನಿನ್ನಂಥ ದಪ್ಪದೋರು ಕೂತ್ರೆ ಮುರೀತದೆ!"

"ಕೂತ್ರೆ ಕಾಲ್ ಮುರೀತದೆ ಶಿವನಂಜಿ, ಬೆನ್ ಸೀಳಲ್ಲ. ನಿನ್ ಮಗನ್ನ ಕೇಳು. ಅವುನ್ಗೆ ಗೊತ್ತು."

ಹೇಮಂತನ ತುಟಿಯ ಮೇಲಿನ ನಗು ಆರಿತ್ತು. ಚಿಕ್ಕಬೋರಯ್ಯ ಮಗಳ ಎಡಗೈ ಹಿಡಿದು ಬಳೆ ಮೇಲಕ್ಕೆ ಸರಿಸಿ ನೋಡಿದರು. ನೋಡಿದ್ದು ಸಾಕಾಯಿತು.

"ಬಟ್ಟೆ ತಕ್ಕೊಂಡ್ ಬಾ ಮಗ."

ರೂಪ ಒಳಗೆ ಹೋದಳು. ಅವಳ ಹಿಂದೆ ನುಗ್ಗಲು ಹೇಮಂತ ಹೆಜ್ಜೆ ಎತ್ತಿದ. ಚಿಕ್ಕಬೋರಯ್ಯ ಅದೇ ಕುರ್ಚಿಯನ್ನು ದರದರ ಎಳೆದು ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತರು. ಮಗಳು ಬ್ಯಾಗು ಹಿಡಿದು ಬರುವವರೆಗೂ ಏಳಲಿಲ್ಲ.

ಅಷ್ಟಾದರೂ ಚಲುವಮ್ಮನ ಸಿಟ್ಟು ಇಳಿಯಲಿಲ್ಲ.

"ಕರ್ಕಂಡ್ ಓದ್ರಲ್ಲ ಚಲುವಕ್ಕ, ಇನ್ನೂ ಯಾಕ್ ಮಕ ಗಂಟಾಕಂಡಿದ್ದೀಯ?" ಎಂದು ಮುಂದಿನ ಭಾನುವಾರ ಪುಟ್ಟರಾಜು ಜಗಲಿಯ ಮೇಲೆ ಕೇಳಿದ.

"ಅವ್ರಪ್ಪ ಸುಳ್ಳು ಅಂದಾಗ ಆ ಹೆಣ್ಮಗ ನನ್ ಕಡೆ ತಿರುಗ್ ನೋಡ್ತಲ್ಲ, ಅದು ಕಣ್ಣಿಂದ ಓಯ್ತಾ ಇಲ್ಲ ಕಣ್ಲಾ."

ಅದೇ ಭಾನುವಾರ ಹೇಮಂತ ಬಂದ. ಕೈಯಲ್ಲಿ ಹಿಡಿ ಮುರಿದ ಕುಕ್ಕರ್. ಜಗಲಿ ತುಂಬ ಜನ. ಏನೂ ಆಗಿಲ್ಲದವನಂತೆ ಕುಕ್ಕರನ್ನು ಚಲುವಮ್ಮನ ಮುಂದಿಟ್ಟ.

"ಅವ್ವ ಕಳ್ಸ್‌ದ್ರು. ಬಿರ್ನೆ ಬೇಕಂತೆ, ಇವತ್ತೇ."

ಚಲುವಮ್ಮ ಕುಕ್ಕರ್ ಮುಟ್ಟಲಿಲ್ಲ. "ಎಂಗ್ ಮುರೀತು?"

"ಬಿತ್ತು."

"ಯಾರ್ ಮೇಲೆ?"

ಜಗಲಿಯಲ್ಲಿದ್ದವರೆಲ್ಲ ಹೇಮಂತನ ಕಡೆ ತಿರುಗಿದರು.

"ರಿಪೇರಿ ಮಾಡ್ತೀರೋ ಇಲ್ವೋ?"

"ಮಾಡ್ತೀನಿ. ಇಷ್ಟ್ ಜನದ್ ಮುಂದೆ ಎಂಗ್ ಮುರ್ದೆ ಅಂತ ಯೋಳು. ಈಗ್ಲೇ ಮಾಡ್ಕೊಡ್ತೀನಿ."

ಹೇಮಂತ ಪುಟ್ಟರಾಜುವಿನ ಕಡೆ ನೋಡಿದ. ಪುಟ್ಟರಾಜು ಸ್ಕ್ರೂಡ್ರೈವರ್ ಕೆಳಗಿಟ್ಟು, ಉತ್ತರ ಕೇಳಲು ಕೂತವನ ಹಾಗೆ ಅವನನ್ನೇ ನೋಡಿದ. ಹೇಮಂತ ಕುಕ್ಕರನ್ನು ಬಾಚಿಕೊಂಡು ಹೊರಟ. ಮುಚ್ಚಳ ಜಾರಿ ಠಣಠಣ ಎನ್ನುತ್ತ ಬೀದಿಗೆ ಉರುಳಿತು. ಯಾರೂ ಎತ್ತಿ ಕೊಡಲಿಲ್ಲ. ಅವನೇ ಬಗ್ಗಿದ.

ಚಲುವಮ್ಮ ಮುಂದಿನ ಪಾಳಿಯವರ ಕಡೆ ತಿರುಗಿದಳು. ದನಿಯ ಬಿಸಿ ಹಾಗೇ ಇತ್ತು.

"ಬಾ ಮಾಯಮ್ಮ. ನಿಂದೇನು? ಎಂಗ್ ಕೆಡ್ತು?"

ಮಾಯಮ್ಮ ಸೀದ ಪಾತ್ರೆಯನ್ನು ಮುಂದಿಟ್ಟಳು. "ಸೀರಿಯಲ್ ನೋಡ್ತಿದ್ದೆ ಕಣಕ್ಕ," ಎಂದಳು, ಎಲ್ಲರಿಗೂ ಕೇಳುವ ಹಾಗೆ.